ಮೂರನೇ ಕಾಲಂ

ಚಂದ್ರಮೋಹನ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಹಾಡು ಕೇಳುತ್ತಿದ್ದಾನೆ ಎಂದೇ ಆಫೀಸಿನಲ್ಲಿ ಎಲ್ಲರೂ ತಿಳಿದಿದ್ದರು. ಹಾಗೆ ತಿಳಿದುಕೊಳ್ಳಲಿ ಎಂದು ಅವನೂ ಸುಮ್ಮನಿದ್ದ.

ದೆಹಲಿಯ ಬಾರಾಖಂಬಾ ರಸ್ತೆಯ ಆ ಸಣ್ಣ ಕಂಪನಿಯ ಕೆಲಸ ವಿಚಿತ್ರವಾದದ್ದು. ಹೊಸ ಕಟ್ಟಡಕ್ಕೆ ಬೆಂಕಿ ಬಿದ್ದರೆ ಹೊಗೆ ಯಾವ ಕಡೆ ಹರಡುತ್ತದೆ, ಜನ ಹೊರಬೀಳುವ ಹೊತ್ತಿಗೆ ಎಷ್ಟು ದೂರ ಕಣ್ಣಿಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ತೋರಿಸಬೇಕು. ೨೦೦೭ರ ಆ ಚಳಿಗಾಲದಲ್ಲಿ ಗುರಗಾಂವ್, ನೋಯ್ಡಾ ಎಲ್ಲೆಲ್ಲೂ ಮಾಲ್‌ಗಳು ಏಳುತ್ತಿದ್ದುದರಿಂದ ಕೆಲಸಕ್ಕೆ ಬರವಿರಲಿಲ್ಲ. ಲೆಕ್ಕ ಮಾಡಿಸಿ ವರದಿಗೆ ಸಹಿ ಹಾಕುವವನು ಚಂದ್ರಮೋಹನ. ಹಾಸನದಿಂದ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಅವನ ಸಹಿ ಇದ್ದರೆ ಮಾಲೀಕ ಸಚ್‌ದೇವ ಎರಡನೇ ಸಲ ನೋಡುತ್ತಿರಲಿಲ್ಲ.

ಕಳೆದ ಬೇಸಿಗೆಯಿಂದ ಅವನ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ಎದುರಿಗಿದ್ದವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಂಚಿನ ದೃಷ್ಟಿ ಉಳಿದಿದ್ದರಿಂದ ನಡೆದಾಡಲು, ಮೆಟ್ರೋ ಹತ್ತಲು ತೊಂದರೆಯಿರಲಿಲ್ಲ. ಅಕ್ಷರ ಮಾತ್ರ ಹೊರಟುಹೋಗಿತ್ತು. ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಈ ಸಂಗತಿ ಗೊತ್ತಿದ್ದವಳು ಹೆಂಡತಿ ಉಷಾ ಒಬ್ಬಳೇ.

"ಆಫೀಸಲ್ಲಿ ಹೇಳ್ಬಿಡಿ ರೀ," ಎಂದು ಜನಕಪುರಿಯ ಮನೆಯಲ್ಲಿ ಅವಳು ಬೆಳಗ್ಗೆ ಡಬ್ಬಿ ಕಟ್ಟುವಾಗಲೆಲ್ಲ ಅನ್ನುತ್ತಿದ್ದಳು.

"ಹೇಳಿದ ಮೇಲೆ? ಓದಕ್ಕಾಗದವನ ಸಹಿ ಯಾರಿಗೆ ಬೇಕು?"

"ಇವತ್ತಲ್ಲ ನಾಳೆ ಗೊತ್ತಾಗತ್ತಲ್ವಾ?"

"ನಾಳೆ ಗೊತ್ತಾಗ್ಲಿ," ಎಂದು ಅವನು ಮಫ್ಲರ್ ಸುತ್ತಿಕೊಂಡು ಹೊರಟುಬಿಡುತ್ತಿದ್ದ.

ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಒಂದು ಸಾಫ್ಟ್‌ವೇರನ್ನು ಅವನು ಯಾರಿಗೂ ಕಾಣದಂತೆ ಹಾಕಿಕೊಂಡಿದ್ದ. ಪುಕ್ಕಟೆ ಪ್ರತಿ. ಸ್ವಲ್ಪ ಹೊತ್ತು ಓದಿ ಬಾಯಿ ಮುಚ್ಚಿಬಿಡುತ್ತಿತ್ತು, ಆಮೇಲೆ ಕಂಪ್ಯೂಟರನ್ನೇ ಮತ್ತೆ ಶುರುಮಾಡಬೇಕು. ಅದನ್ನಾದರೂ ಸಹಿಸಬಹುದಿತ್ತು. ಸಿಮ್ಯುಲೇಶನ್ನಿನ ಫಲಿತಾಂಶ ಕೇಳುವುದೇ ನರಕವಾಗಿತ್ತು. ಕಾಲಂಗಳ ತಲೆಬರಹ ಬರೀ ತುಂಡಕ್ಷರ: ಉಷ್ಣಾಂಶಕ್ಕೆ ಟಿ ಎಂ ಪಿ ಸೊನ್ನೆ ಎರಡು, ಕಾಣುವ ದೂರಕ್ಕೆ ವಿ ಐ ಎಸ್ ಸೊನ್ನೆ ಎರಡು. ಅದರ ಕೆಳಗಿನ ಅಂಕಿ ಇನ್ನೂ ಘೋರ. ಮೂವತ್ತೆಂಟು ಎಂದು ಒಂದೇ ಮಾತಿನಲ್ಲಿ ಮುಗಿಯಬೇಕಾದದ್ದನ್ನು ಯಂತ್ರ "ಥ್ರೀ ಪಾಯಿಂಟ್ ಏಟ್ ಝೀರೋ ಝೀರೋ ಝೀರೋ ಈ ಪ್ಲಸ್ ಝೀರೋ ಒನ್" ಎಂದು ಎಳೆಯುತ್ತಿತ್ತು. ಅದು ಬಿಸಿಯೋ ದೂರವೋ ಎಂದು ತಲೆಗೆ ಹೋಗುವಷ್ಟರಲ್ಲಿ ಮುಂದಿನ ಸಾಲು.

ತಲೆಬರಹ ಹೇಗಿರಬೇಕು, ಅಂಕಿ ಹೇಗೆ ಅಚ್ಚಾಗಬೇಕು ಎಂದು ನಾವೇ ಬರೆದುಕೊಡಲು ಸಿಮ್ಯುಲೇಶನ್ನಿನಲ್ಲೇ ಒಂದು ಸೆಟ್ಟಿಂಗ್ ಫೈಲಿತ್ತು. ಅಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಚಂದ್ರಮೋಹನ ಮುಟ್ಟಿದ. ತುಂಡಕ್ಷರಗಳ ಬದಲು "ಎರಡನೇ ಗೇಟ್, ಕಾಣುವ ದೂರ, ಮೀಟರ್" ಎಂಬಂಥ ಪೂರ್ತಿ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದ. ಅಂಕಿಗೆ ದಶಮಾಂಶದ ಒಂದೇ ಸ್ಥಾನ ಸಾಕು ಎಂದ. ಮೊದಲು ಕೇಳಬೇಕಾದದ್ದು ಮೊದಲು ಬರಲಿ ಎಂದು, ಸಮಯದ ಮೊದಲ ಕಾಲಂ ಹಾಗೇ ಬಿಟ್ಟು, ಮೂರನೆಯದಾಗಿದ್ದ ಕಾಣುವ ದೂರವನ್ನು ಎರಡನೆಯದಕ್ಕೆ ತಂದು, ಉಷ್ಣಾಂಶವನ್ನು ಮೂರನೆಯದಕ್ಕೆ ತಳ್ಳಿದ. ಆ ದಿನ ಯಂತ್ರ ಸರಾಗವಾಗಿ ಓದುತ್ತ ಹೋದಾಗ, ಎಷ್ಟೋ ತಿಂಗಳ ಮೇಲೆ ಅವನಿಗೆ ತನ್ನ ಕೆಲಸ ತನ್ನ ಕೈಗೆ ಬಂದಂತಾಯಿತು.

ಅವನ ಫೈಲಿನಿಂದ ವರದಿಯ ಪಟ್ಟಿ ತಯಾರಿಸುವವನು ಗಗನ್. ಮುನಿರ್ಕಾದಲ್ಲಿ ರೂಮು ಮಾಡಿಕೊಂಡಿದ್ದ ದಾವಣಗೆರೆಯ ಎಂಜಿನಿಯರ್, ಚುರುಕು ಮನುಷ್ಯ. ಅವನು ಬರೆದಿದ್ದ ಪ್ರೋಗ್ರಾಂ ತಲೆಬರಹವನ್ನು ಓದುತ್ತಿರಲಿಲ್ಲ. ಮೂರನೇ ಕಾಲಂ ಎಂದರೆ ಕಾಣುವ ದೂರ ಎಂದು ನಂಬಿ ಅಲ್ಲಿಂದ ಅಂಕಿ ಎತ್ತುತ್ತಿತ್ತು, ಅಷ್ಟೆ. ಗುರಗಾಂವಿನ ಮಾಲೊಂದರ ನೆಲಮಾಳಿಗೆಯ ಪಾರ್ಕಿಂಗಿನ ವರದಿಯನ್ನು ಗಗನ್ ಮುದ್ರಿಸಿ ತಂದು, "ಸರ್, ಒಂದ್ಸಲ ನೋಡಿಬಿಡಿ," ಎಂದಾಗ ಚಂದ್ರಮೋಹನ ಹಾಳೆ ತಿರುವಿದ, ತಲೆಯಾಡಿಸಿದ, ಬೆರಳಿಟ್ಟು ಜಾಗ ಗುರುತಿಸಿಕೊಂಡು ಸಹಿ ಹಾಕಿದ.

ಮಾರನೆಯ ಮಧ್ಯಾಹ್ನ ಮೀಟಿಂಗು. ಬಿಲ್ಡರ್ ಕಡೆಯ ಎಂಜಿನಿಯರ್ ಬಂದಿದ್ದ. ಸಚ್‌ದೇವ ಮೇಜಿನ ತುದಿಯಲ್ಲಿ, ಗಗನ್ ಚಂದ್ರಮೋಹನನ ಪಕ್ಕದಲ್ಲಿ. ಚಹಾ ಬಂತು. ಬಿಲ್ಡರ್ ಕಡೆಯವನು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ ಹೋದ.

"ಅಚ್ಛಾ, ಎರಡನೇ ಗೇಟ್. ಜನ ಹೊರಬೀಳುವ ಹೊತ್ತಿಗೆ ಮೂವತ್ತೆಂಟು ಮೀಟರ್ ಕಾಣಿಸುತ್ತೆ. ನಿಯಮಕ್ಕೆ ಹತ್ತು ಮೀಟರ್ ಸಾಕು. ಅಂದಮೇಲೆ ಸಚ್‌ದೇವ್‌ಜೀ, ಆ ಬದಿಗೆ ಹೊಗೆ ಎಳೆಯೋ ಎರಡು ಫ್ಯಾನ್ ಯಾಕೆ?"

ಚಂದ್ರಮೋಹನ ಚಹಾದ ಲೋಟ ಕೆಳಗಿಟ್ಟ. ಮೂವತ್ತೆಂಟು. ಅದು ಅವನು ಕಿವಿಯಿಂದ ಕೇಳಿದ್ದ ಅಂಕಿ. ಆದರೆ ಮೀಟರ್ ಅಲ್ಲ, ಡಿಗ್ರಿ. ಎರಡನೇ ಗೇಟಿನಲ್ಲಿ ಕಾಣುವ ದೂರ ಆರು ಮೀಟರಿಗೆ ಕುಸಿದಿತ್ತು. ಅದನ್ನು ಕೇಳಿಯೇ ಆ ಫ್ಯಾನ್‌ಗಳು ಬೇಕೇ ಬೇಕು ಎಂದುಕೊಂಡಿದ್ದ. ಎಲ್ಲಿ ಕೆಟ್ಟಿತು ಎಂದು ಕ್ಷಣದಲ್ಲೇ ಹೊಳೆಯಿತು. ಕಾಲಂಗಳನ್ನು ಹಿಂದುಮುಂದು ಮಾಡಿದ್ದು ತಾನು, ಯಾರಿಗೂ ಹೇಳದೆ.

ಎದುರಿನ ಹಾಳೆಯನ್ನು ಕಣ್ಣಂಚಿಗೆ ಸರಿಸಿ ಹಿಡಿದ. ಬೂದು ಗೆರೆಗಳಷ್ಟೇ ಕಂಡವು.

"ವರದಿ ಹಾಗನ್ನುತ್ತಿದ್ದರೆ ತೆಗೆಯಬಹುದು," ಎಂದ ಸಚ್‌ದೇವ. "ಚಂದ್ರಮೋಹನ್‌ಜೀ, ಠೀಕ್ ಹೈ ನಾ?"

ಒಮ್ಮೆ ನೋಡಿ ನಾಳೆ ಹೇಳುತ್ತೇನೆ ಎಂದು ಬಿಟ್ಟರೆ ಗುಟ್ಟು ಉಳಿಯುತ್ತದೆ ಎಂಬ ಯೋಚನೆಯೂ ಬಂತು. ಅಷ್ಟರಲ್ಲಿ ಬಿಲ್ಡರ್ ಕಡೆಯವನು ಮೊಬೈಲ್ ತೆಗೆದು ನಂಬರ್ ಒತ್ತತೊಡಗಿದ. ಕೀಲಿಗಳ ಸದ್ದು ಕೇಳಿತು. ಫ್ಯಾನಿನ ಆರ್ಡರು ಇವತ್ತೇ ಹೋಗುವುದರಲ್ಲಿದೆಯಂತೆ, ಎರಡು ಕಡಿಮೆ ಮಾಡಿಸುತ್ತಾನಂತೆ.

"ಗಗನ್," ಎಂದು ಚಂದ್ರಮೋಹನ ಕನ್ನಡದಲ್ಲಿ ಪಿಸುಗುಟ್ಟಿದ. "ಲ್ಯಾಪ್‌ಟಾಪಲ್ಲಿ ನನ್ನ ಫೈಲ್ ತೆಗಿ. ಮೂರನೇ ಕಾಲಂ ಮೇಲೆ ಏನಿದೆ ಓದು."

"ಸರ್, ಅದು ನೀವೇ ಬರ್ದಿದ್ದಲ್ವಾ? ನೋಡಿ, ನಿಮ್ಮ ಮುಂದೆನೇ ಇದೆ."

"ನನಗೆ ಕಾಣಲ್ಲಪ್ಪ. ಓದು."

ಗಗನ್ ಅವನ ಮುಖ ನೋಡಿದನೋ ತೆರೆ ನೋಡಿದನೋ ತಿಳಿಯಲಿಲ್ಲ. ಲ್ಯಾಪ್‌ಟಾಪಿನ ಕೀಲಿ ಒತ್ತಿದ್ದು ಮಾತ್ರ ಕೇಳಿಸಿತು. "ಉಷ್ಣಾಂಶ ಅಂತಿದೆ ಸರ್," ಎಂದ ತೀರ ಮೆಲ್ಲಗೆ.

ಚಂದ್ರಮೋಹನ ಎದ್ದು ನಿಂತ. "ಫೋನ್ ಇಡಿ ಸಾಹೇಬ್," ಎಂದ ಹಿಂದಿಯಲ್ಲಿ. "ಪಟ್ಟಿ ತಪ್ಪಾಗಿದೆ. ಅಲ್ಲಿ ಕಾಣೋದು ಆರೇ ಮೀಟರ್. ಫ್ಯಾನ್ ತೆಗೆಯೋ ಹಾಗಿಲ್ಲ."

ಆಮೇಲಿನದು ಚೆನ್ನಾಗಿರಲಿಲ್ಲ. ಬಿಲ್ಡರ್ ಕಡೆಯವನು ಚಹಾ ಅರ್ಧಕ್ಕೆ ಬಿಟ್ಟು, ಇಂಥ ವರದಿಯನ್ನು ಯಾವ ಧೈರ್ಯದಿಂದ ಕಳಿಸಿದಿರಿ ಎಂದು ಕೇಳಿ ಎದ್ದುಹೋದ. ಸಚ್‌ದೇವನ ಕೋಪ ಮೊದಲು ಗಗನ್ ಮೇಲೆ ತಿರುಗಿತು.

"ಅವನನ್ನು ಅನ್ನಬೇಡಿ," ಎಂದ ಚಂದ್ರಮೋಹನ. "ಕಾಲಂ ಬದಲಿಸಿದ್ದು ನಾನು. ಓದದೆ ಸಹಿ ಹಾಕಿದ್ದೂ ನಾನು. ಓದಕ್ಕೆ ನನಗೆ ಆಗಲ್ಲ. ಬೇಸಿಗೆಯಿಂದ."

ಸಚ್‌ದೇವ ವರದಿಯನ್ನು ಮೇಜಿನ ಮೇಲೆ ಹಾಕಿದ ಸದ್ದು ಕೇಳಿತು.

"ಬೇಸಿಗೆಯಿಂದ," ಎಂದು ಅವನು ಆ ಮಾತನ್ನೇ ಮತ್ತೆ ಹೇಳಿದ. "ಆಮೇಲೆ ಎಷ್ಟು ಕಟ್ಟಡದ ವರದಿ ಕಳಿಸಿದ್ದೀವಿ ನಾವು?"

ಆ ಪ್ರಶ್ನೆಯೇ ಮುಂದಿನ ವಾರಗಳನ್ನೆಲ್ಲ ನುಂಗಿತು. ಬೇಸಿಗೆಯಿಂದ ಹೋದ ಒಂದೊಂದು ವರದಿಯನ್ನೂ ಮತ್ತೆ ತೆರೆದರು. ಗಗನ್ ಪಟ್ಟಿ ಓದುವುದು, ಚಂದ್ರಮೋಹನ ಫೈಲು ಕೇಳುವುದು, ಎರಡೂ ತಾಳೆಯಾದರೆ ಮುಂದಿನದು. ಮೊದಮೊದಲು ಗಗನ್ ಬೇಕಾದಷ್ಟೇ ಮಾತಾಡುತ್ತಿದ್ದ. ಮೂರನೆಯ ದಿನ ಫೈಲು ಮುಚ್ಚುತ್ತ, "ನನಗಾದ್ರೂ ಹೇಳ್ಬಹುದಿತ್ತು ಸರ್," ಎಂದ. ಚಂದ್ರಮೋಹನ ಮುಂದಿನ ಫೈಲು ತೆರೆದ.

ಉಳಿದ ವರದಿಗಳೆಲ್ಲ ಸರಿಯಿದ್ದವು. ಅವು ಕಾಲಂ ಬದಲಾಗುವ ಮೊದಲಿನವು. ಗುರಗಾಂವಿನ ಫ್ಯಾನ್‌ಗಳು ಉಳಿದವು, ಆದರೆ ಆ ಬಿಲ್ಡರ್ ಮತ್ತೆ ಇವರ ಕಡೆ ಬರಲಿಲ್ಲ.

ಸಚ್‌ದೇವ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಸಹಿ ಮಾತ್ರ ಕಿತ್ತುಕೊಂಡ. ಓದುವ ಸಾಫ್ಟ್‌ವೇರಿನ ಪೂರ್ತಿ ಪ್ರತಿಯನ್ನು ಕಂಪನಿಯಿಂದಲೇ ತರಿಸಿಕೊಟ್ಟ. ಗಗನ್ ತನ್ನ ಪ್ರೋಗ್ರಾಮನ್ನು ತಲೆಬರಹ ಓದಿಯೇ ಅಂಕಿ ಎತ್ತುವಂತೆ ತಿದ್ದಿದ. ಹೆಸರು ಹೊಂದದಿದ್ದರೆ ಅದು ನಿಂತುಬಿಡುತ್ತಿತ್ತು.

"ಸದ್ಯ, ಹೇಳಿದ್ರಲ್ಲ," ಎಂದಳು ಉಷಾ.

"ಹೇಳಲಿಲ್ಲ ಕಣೆ. ಬಾಯಿಂದ ಬಿತ್ತು," ಎಂದ ಅವನು.

ವಾರಕ್ಕೊಮ್ಮೆಯಾದರೂ ಸಚ್‌ದೇವ ಅವನ ಮೇಜಿನ ಬಳಿ ಬಂದು ನಿಂತು ಯಾವುದೋ ಒಂದು ಅಂಕಿ ಕೇಳುತ್ತಿದ್ದ, ತನ್ನ ಕೈಯ ಹಾಳೆಯೊಂದಿಗೆ ಹೋಲಿಸಿ ನೋಡುತ್ತಿದ್ದ, ಹೊರಟುಹೋಗುತ್ತಿದ್ದ. ಅದು ನ್ಯಾಯವೇ ಎಂದು ಚಂದ್ರಮೋಹನನಿಗೂ ಗೊತ್ತಿತ್ತು. ಆದರೂ ಆ ಹೆಜ್ಜೆ ಹತ್ತಿರವಾದಾಗಲೆಲ್ಲ ಅವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು.