ಒಂಬತ್ತನೆಯ ಬೆಳ್ಳಿಮರ

ಟೇಬಲ್ ಬೆಟ್ಟದ ಇಳಿಜಾರಿನ ಬೆಳ್ಳಿಮರಗಳನ್ನು ಬೀಜದಿಂದ ಬೆಳೆಸಬಲ್ಲವರು ಕೇಪ್ ಟೌನಿನಲ್ಲಿ ಬೆರಳೆಣಿಕೆಯಷ್ಟೇ ಮಂದಿ. ಮೂವತ್ತೆಂಟು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಮ್ಮ ನರ್ಸರಿಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಮಗ್ದಲೀನಾ ಅರೆಂಡ್ಸೆಯವರು ಅವರಲ್ಲಿ ಅಗ್ರಗಣ್ಯರು. ಎಲೆಯ ಬೆಳ್ಳಿರೋಮವನ್ನು ಸವರಿ, ಕಣ್ಣು ಮುಚ್ಚಿಕೊಂಡೇ ಅಸಲಿ ಮರವನ್ನು ಅದರ ದಾಯಾದಿಗಳಿಂದ ಬೇರ್ಪಡಿಸುವ ಅವರು ನಮಗೆಲ್ಲ 'ಆಂಟಿ ಲೀನಾ'. ಹೊಸಬರ ಊಟದ ಡಬ್ಬಿಗೆ ಸದ್ದಿಲ್ಲದೆ ತಾವು ಕರಿದ ಸಿಹಿ ಸೇರಿಸುವವರೂ ಅವರೇ, ಅದೇ ಹೊಸಬರು ಸಸಿಯ ಬೇರು ಅಲುಗಿಸಿದರೆ ಜನ್ಮ ಜಾಲಾಡುವವರೂ ಅವರೇ.

ಎಂಟು ವರ್ಷಗಳ ಹಿಂದೆ ಕಾಳ್ಗಿಚ್ಚು ನಮ್ಮ ಇಳಿಜಾರಿನ ಕೊನೆಯ ಹೆಣ್ಣುಮರವನ್ನು ಸುಟ್ಟಿತು. ಆಂಟಿ ಬೂದಿಯಲ್ಲಿ ಮಂಡಿಯೂರಿ ಆರಿಸಿದ ಬೀಜಗಳಲ್ಲಿ ಇಪ್ಪತ್ತು ಮೊಳೆತವು. ಬೆಳ್ಳಿಮರದಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಈ ಸಸಿಗಳಲ್ಲಿ ಒಂದಾದರೂ ಹೆಣ್ಣಾಗದಿದ್ದರೆ ಆ ಇಳಿಜಾರಿನ ವಂಶ ಅಲ್ಲಿಗೆ ಮುಗಿದಂತೆ.

ಮರುವರ್ಷ ನಡುಬೇಸಿಗೆಯ ಫೆಬ್ರವರಿ ಬಿಸಿಲಲ್ಲಿ ಸಸಿಗಳ ಮೇಲೆ ಕನಿಕರಪಟ್ಟ ಮೇಲ್ವಿಚಾರಕ ಬಾಸನ್ ಅವರು, ಆಂಟಿ ರಜೆಯಲ್ಲಿದ್ದಾಗ, ದಿನಾ ಮಧ್ಯಾಹ್ನ ನೀರುಣಿಸಿದರು. ಕಾದ ಮಣ್ಣಿನ ತೇವಕ್ಕೆ ಬೇರು ಕೊಳೆತು ಹನ್ನೊಂದು ಸಸಿ ಸತ್ತವು. ಹಿಂತಿರುಗಿದ ಆಂಟಿ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿಗಿಳಿಸಿದರು.

"ಕೊಡಿ ಆಂಟಿ, ಉಳಿದವೂ ಬಾಯಾರಿ ಸಾಯ್ತವೆ!" ಎಂದರು ಬಾಸನ್.

"ಬಾಯಾರಿ ಅಲ್ಲ ಸಾರ್, ನಿಮ್ಮ ಕನಿಕರ ಕುಡಿದು ಸಾಯ್ತಿದಾವೆ. ಬೇಕಾದ್ರೆ ನನ್ನ ಕೆಲ್ಸ ಕಿತ್ಕೊಳ್ಳಿ, ಹಿಡಿ ಮಾತ್ರ ಕೊಡಲ್ಲ."

ಎಚ್ಚರಿಕೆಯ ಪತ್ರ ಬಂತು. ಆಂಟಿ ಸಹಿ ಹಾಕಿ, ಮತ್ತೆ ಮಡಿಗಳ ಕಡೆ ಹೊರಟರು. ಒಂಬತ್ತು ಸಸಿಗಳು ಬದುಕಿದವು; ಅವನ್ನು ಮತ್ತೆ ಅದೇ ಇಳಿಜಾರಿನಲ್ಲಿ ನೆಟ್ಟೆವು.

ಆರನೆಯ ವರ್ಷದಿಂದ ಒಂದೊಂದೇ ಹೂಬಿಟ್ಟವು: ಎಂಟೂ ಗಂಡು! ಇತ್ತ ನಿವೃತ್ತಿಯ ದಿನ ಹತ್ತಿರವಾಗುತ್ತಿತ್ತು. "ಒಂಬತ್ತನೇದು ಏನು ಅಂತ ಎಲೆ ನೋಡಿ ಹೇಳ್ಬಿಡಿ" ಎಂದು ನಾವು ಪೀಡಿಸಿದರೆ, "ಹೊಟ್ಟೆ ನೋಡಿ ಮಗು ಹೇಳೋ ಮುದುಕಿ ಅಂದ್ಕೊಂಡ್ರಾ ನನ್ನ? ಹೂ ಬರ್ಲಿ ತಡೀರಿ" ಎಂದು ಗದರುತ್ತಿದ್ದರು. ಆದರೂ ಬೆಳಗಾದರೆ ಅವರ ಕಾಲು ಮೊದಲು ಅತ್ತಲೇ ಹೋಗುತ್ತಿತ್ತು.

ಕಳೆದ ವಾರ ಏದುಸಿರು ಬಿಡುತ್ತ ಇಳಿಜಾರಿನಿಂದ ಓಡಿಬಂದವರು ಬಾಸನ್. "ಆಂಟಿ, ಕಾಯಿ! ಒಂಬತ್ತನೇದು ಹೆಣ್ಣು!" ಆಂಟಿ ಹತ್ತಿಹೋಗಿ, ಕೊಂಬೆಯ ತುದಿಯಲ್ಲಿ ಕಾಯಿಯಂತೆಯೇ ಮೂಡಿದ್ದ ಬೆಳ್ಳಿಬಣ್ಣದ ಹೆಣ್ಣುಹೂವನ್ನು ಎರಡು ಬೆರಳಲ್ಲಿ ಮುಟ್ಟಿ, ಹಟವೆಲ್ಲ ಕರಗಿ ಅತ್ತುಬಿಟ್ಟರು. ಪಕ್ಕದಲ್ಲಿ ಬಾಸನ್ ಅವರೂ ಅತ್ತರು.

ಆ ಕಾಯಿ ಬಲಿತು, ಬೀಜ ಬಿತ್ತಿ, ಅದರ ಮರ ಹೂಬಿಡಲು ಇನ್ನು ಎಂಟು ವರ್ಷವಾದರೂ ಬೇಕು. ಆಂಟಿಗೆ ನಾವು ಕೋರುವ ಆಯುರಾರೋಗ್ಯದ ಮೊದಲ ಕಂತು ಅಷ್ಟು. ಆ ಮೇಲಿನದನ್ನು ಮುಂದೆ ಬಿತ್ತುವ ಒಂದೊಂದು ಬೀಜಕ್ಕೂ ಮತ್ತೆ ಎಂಟೆಂಟರಂತೆ ಕೇಳಿಕೊಳ್ಳುತ್ತೇವೆ.