ಕೊಪ್ಪರಿಗೆಯಲ್ಲಿ ಕೆರೆ ದಾಟಿದ್ದು

ಮೇಷ್ಟ್ರಾದ ಹೊಸದರಲ್ಲಿ, ಸ್ಕೌಟ್ ಹುಡುಗರನ್ನು ಮಂಚೇನಹಳ್ಳಿ ಕಡೆಯ ಒಂದು ಕೆರೆಗೆ ಕರೆದುಕೊಂಡು ಹೋಗಿ, ನಡುಗಡ್ಡೆಯಲ್ಲಿ ಡೇರೆ ಹಾಕಿಸುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ. ಹೋಗಿ ನೋಡಿದರೆ ದೋಣಿಯೇ ಇಲ್ಲ. ಪಕ್ಕದ ಆಲೆಮನೆಯ ಯಜಮಾನರು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನೇ ನೀರಿಗೆ ಇಳಿಸಿ, ಹುಟ್ಟಿಗೆಂದು ಒಂದು ಹಲಗೆಯನ್ನೂ ಕೊಟ್ಟರು.

“ಮುಂದಿನ ವಾರ ಇದ್ರಲ್ಲೇ ಬೆಲ್ಲ ಕಾಯ್ಸೋದು ಮೇಷ್ಟ್ರೇ. ಕಾಲು ತೊಳ್ಕೊಂಡು ಹತ್ತಿ,” ಅಂದರು.

ತೊಳೆದುಕೊಂಡೇ ಹತ್ತಿದೆವು, ನಾನು ಮತ್ತು ಮೊದಲ ಸರದಿಯ ಮೂವರು ಹುಡುಗರು. ದೋಣಿಗಾದರೆ ಮುಂದು ಹಿಂದು ಇರುತ್ತದೆ, ಕೊಪ್ಪರಿಗೆಗೆ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಓದಿದ ಹಾಗೆ ನಾನು ಹುಟ್ಟು ಹಾಕಿದಷ್ಟೂ ಅದು ನಿಂತಲ್ಲೇ ಬುಗುರಿಯಂತೆ ತಿರುಗಿತು. ಹುಡುಗರು ಕೇಕೆ ಹಾಕಿದರು. ನನಗೆ ಹೊಟ್ಟೆ ತೊಳಸತೊಡಗಿತು. ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ಕೆರೆ ಏರಿಯ ಮೇಲಿಂದ ಯಜಮಾನರು ನೋಡಿಬಿಟ್ಟರು.

“ಒಳಕ್ಕಲ್ಲ ಮೇಷ್ಟ್ರೇ! ಆಚೆಗೆ, ಆಚೆಗೆ ಬಗ್ಗಿ!”

ಆಚೆಗೇ ಬಗ್ಗಿದೆ. ದೇವರಾಣೆಗೂ ಒಂದು ಹನಿ ಒಳಗೆ ಬೀಳಲಿಲ್ಲ. ಆಮೇಲೆ ಹುಡುಗರೇ ಕೈಯಲ್ಲಿ ನೀರು ಬಾಚಿ ಬಾಚಿ ನಡುಗಡ್ಡೆ ಮುಟ್ಟಿಸಿದರು.

ತಿಂಗಳಾದ ಮೇಲೆ ಯಜಮಾನರು ಪ್ರೀತಿಯಿಂದ ಶಾಲೆಗೆ ಒಂದು ಬುಟ್ಟಿ ಹೊಸ ಬೆಲ್ಲ ಕಳಿಸಿದರು. ಮಿಕ್ಕವರೆಲ್ಲ ಮುಗಿಬಿದ್ದು ತಿಂದರು. ಆ ಮೂವರು ಮಾತ್ರ ಕೈಕಟ್ಟಿ ನಿಂತು, “ಮೊದ್ಲು ನೀವು ತಿನ್ನಿ ಸಾರ್,” ಅಂದರು.