ಅಮ್ಮನ ಹೆಸರಿನ ಅಳತೆ

ಮಣಿಪಾಲದ ಒಂದು ಆಫೀಸಿನಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅರ್ಧ ಆಯುಷ್ಯ ಅಕ್ಷರದ ಗಾತ್ರದ ಜಗಳದಲ್ಲೇ ಹೋಗಿದೆ. ವೆಬ್‌ಸೈಟ್ ಮಾಡಿಸಲು ಬರುವ ಪ್ರತಿ ಸಮಿತಿಗೂ ತಮ್ಮ ಅಧ್ಯಕ್ಷರ ಹೆಸರೇ ಶೀರ್ಷಿಕೆಯಾಗಬೇಕು. ಎಲ್ಲವನ್ನೂ ದೊಡ್ಡದು ಮಾಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ, ಓದುವವರು ಹುಡುಕಿಕೊಂಡು ಬಂದದ್ದಷ್ಟೇ ದೊಡ್ಡದಿರಲಿ, ಉಳಿದದ್ದಕ್ಕೆ ಹದಿನಾರರ ಫಾಂಟ್ ಸಾಕು ಎಂದು ಹೇಳಿ ಹೇಳಿ ಗಂಟಲ ಪಸೆ ಆರಿದೆ.

ಅಮ್ಮ ತೀರಿಕೊಂಡ ವಾರವೇ ಆ ಜಗಳ ಕಾಪುವಿನ ನಮ್ಮ ಮನೆಗೂ ಬಂತು. ಉತ್ತರಕ್ರಿಯೆಯ ಆಮಂತ್ರಣವನ್ನು ಮುಂಬೈ, ದುಬೈಯ ನೆಂಟರಿಗೆಲ್ಲ ಮೊಬೈಲಿನಲ್ಲೇ ಕಳಿಸಬೇಕು, ಒಂದು ಪುಟ ಮಾಡು ಎಂದರು ಮನೆಯವರು. ಅಮ್ಮನ ಹೆಸರನ್ನು ನಲವತ್ತರ ಗಾತ್ರದಲ್ಲಿ ಎಲ್ಲಕ್ಕಿಂತ ಮೇಲಿಟ್ಟೆ. ಮಕ್ಕಳಾದ ನಮ್ಮ ಮದುವೆಯ ಕಾಗದಗಳಲ್ಲಿ ಅದು ಅಪ್ಪನ ಹೆಸರಿನ ಬದಿಯಲ್ಲಿ ಸಣ್ಣಕ್ಕೆ ಇತ್ತು. ಒಂದು ಸಲವಾದರೂ ದೊಡ್ಡದಾಗಿ ಕಾಣಲಿ ಎಂದು ನನ್ನ ಆಸೆ.

ಕಾರ್ಕಳದಿಂದ ಬಂದಿದ್ದ ಮಾಮ, ಅಮ್ಮನ ತಮ್ಮ, ಮೊಬೈಲ್ ಹಿಡಿದು ನೋಡಿದರು.

"ಕಾರ್ಯಕ್ರಮದ ಹಾಲ್ ಎಲ್ಲಿ ಉಂಟು ಇದರಲ್ಲಿ?"

"ಕೆಳಗೆ ಉಂಟು ಮಾಮ."

"ಕೆಳಗೆ ಯಾರು ನೋಡ್ತಾರೆ ಮಾರಾಯ್ತಿ? ಅಕ್ಕನ ಹೆಸರು ಬರುವವರಿಗೆಲ್ಲ ಗೊತ್ತುಂಟು. ಹಾಲ್ ಎಲ್ಲಿ, ಊಟ ಎಷ್ಟು ಗಂಟೆಗೆ, ಅದು ಗೊತ್ತಿಲ್ಲ. ದೊಡ್ಡದು ಮಾಡ್ಬೇಕಾದ್ದು ಅದಲ್ವಾ?"

ಸಿಟ್ಟು ಬಂತು. ಅವರು ಹೇಳಿದ್ದು ತಪ್ಪಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಗಿರಾಕಿಗಳಿಗೆ ಮಾಡುವ ಪಾಠವನ್ನೇ ಅವರು ನನಗೆ ಒಪ್ಪಿಸಿದ್ದರು. ವಾದಿಸುವ ತ್ರಾಣವೂ ಇರಲಿಲ್ಲ. ಆ ವಾರವಿಡೀ ಬಂದವರಿಗೆಲ್ಲ ಚಹಾ ಮಾಡಿ, ಕೊನೆಯ ದಿನ ಏನಾಯಿತು ಎಂಬುದನ್ನು ಮತ್ತೆ ಮತ್ತೆ ಹೇಳಿ ಸುಸ್ತಾಗಿದ್ದೆ. ಸಭಾಭವನದ ಹೆಸರನ್ನೂ ಊಟದ ಹೊತ್ತನ್ನೂ ಮೇಲಕ್ಕೆ ತಂದು ದೊಡ್ಡದು ಮಾಡಿದೆ. ಅಮ್ಮನ ಹೆಸರು ಹದಿನಾರಕ್ಕೆ ಇಳಿದು, "ಇವರ ಉತ್ತರಕ್ರಿಯೆಯು" ಎಂಬ ಸಾಲಿನೊಳಗೆ ಸೇರಿಕೊಂಡಿತು.

ಪುಟ ಚೆನ್ನಾಗಿಯೇ ಕೆಲಸ ಮಾಡಿತು. ಶಿರ್ವದವರಾಗಲಿ ಹೂಡೆಯವರಾಗಲಿ ದಾರಿ ಕೇಳಿ ಫೋನು ಮಾಡಲಿಲ್ಲ. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದು, ಉಂಡು, ಪಾಯಸ ಒಳ್ಳೆಯದಾಗಿತ್ತು ಎಂದು ಹೇಳಿ ಹೋದರು. ಮಾಮನಿಗೆ ಸಮಾಧಾನವಾಯಿತು.

ಎಂಜಲೆಲೆ ತೆಗೆದಾದ ಮೇಲೆ ಖಾಲಿ ಸಭಾಭವನದಲ್ಲಿ ಒಂದು ಕುರ್ಚಿ ಎಳೆದು ಕುಳಿತೆ. ಎದ್ದು ಮನೆಗೆ ಹೋಗುವ ಶಕ್ತಿ ಇರಲಿಲ್ಲ. ಸುಮ್ಮನೆ ಆ ಪುಟ ತೆರೆದೆ. ಕನ್ನಡಕ ಮನೆಯಲ್ಲೇ ಉಳಿದಿತ್ತು, ಅಷ್ಟು ಸಣ್ಣ ಅಕ್ಷರ ನನಗೆ ಕಾಣಲಿಲ್ಲ. ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿ, ನನ್ನ ಅಮ್ಮನ ಹೆಸರನ್ನು ಓದಿದೆ.